1950ರ ದಶಕದ ಅಮೆರಿಕನ್ ಶೈಲಿಯ ಪಾರ್ಟಿ ಪಂಚ್ ಮನೆಯಲ್ಲಿ ಮಾಡೋದು ಹೇಗೆ? 20 ಜನ ಬರ್ತಾರೆ, ಮದ್ಯ ಬೇಡ.

ಪಂಚ್ ಅಂದರೆ ದೊಡ್ಡ ಬಟ್ಟಲಿನಲ್ಲಿ ಜ್ಯೂಸ್‌ಗಳನ್ನು ಬೆರೆಸಿ ಮಾಡುವ ಪಾನೀಯ. ಇದರಲ್ಲಿ ಮುಖ್ಯವಾದದ್ದು ಐಸ್ ರಿಂಗ್, ಅಂದರೆ ಬಟ್ಟಲಿನಲ್ಲಿ ತೇಲಿಬಿಡುವ ಬಳೆಯಾಕಾರದ ಐಸ್ ಗಡ್ಡೆ. ಅದನ್ನು ಹಿಂದಿನ ದಿನವೇ ಮಾಡಿಡಿ. ನಡುವೆ ತೂತಿರುವ ಕೇಕ್ ಅಚ್ಚಿಗೆ ಕಿತ್ತಳೆ ಬಿಲ್ಲೆ, ಚೆರ್ರಿ ಜೋಡಿಸಿ, ಅನಾನಸ್ ಜ್ಯೂಸ್ ಸುರಿದು ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಇಷ್ಟು ದೊಡ್ಡ ಗಡ್ಡೆ ಚೂರು ಐಸಿನಷ್ಟು ಬೇಗ ಕರಗುವುದಿಲ್ಲ. ಕರಗಿದರೂ ಪಂಚ್ ನೀರಾಗುವುದಿಲ್ಲ, ಅದೂ ಜ್ಯೂಸೇ ಅಲ್ವಾ! ಅಚ್ಚಿನ ತಳವನ್ನು ಬಿಸಿನೀರಿನಲ್ಲಿ ಅರೆಕ್ಷಣ ಅದ್ದಿದರೆ ರಿಂಗ್ ಕಳಚಿ ಬರುತ್ತದೆ.

ಉಳಿದದ್ದು ಸುಲಭ. ಅನಾನಸ್ ಜ್ಯೂಸ್ 1 ಲೀಟರ್, ಕಿತ್ತಳೆ ಜ್ಯೂಸ್ 1 ಲೀಟರ್, ಅರ್ಧ ಕಪ್ ನಿಂಬೆರಸ, 2 ಲೀಟರ್ ಜಿಂಜರ್ ಏಲ್ (ಶುಂಠಿ ರುಚಿಯ ಸೋಡಾ, ಮದ್ಯವಲ್ಲ). ತಲಾ ಒಂದು ಲೋಟಕ್ಕೆ ಸಾಕು. ಎಲ್ಲವೂ ಮೊದಲೇ ತಣ್ಣಗಿರಬೇಕು. ಜಿಂಜರ್ ಏಲ್ ಮಾತ್ರ ಅತಿಥಿಗಳು ಬಂದ ಮೇಲೆ, ಬಟ್ಟಲಿನ ಅಂಚಿನಿಂದ ನಿಧಾನಕ್ಕೆ ಸುರಿಯಿರಿ. ಬೇಗ ಹಾಕಿದರೆ ಗ್ಯಾಸ್ ಹೋಗಿ ಸಪ್ಪೆಯಾಗುತ್ತದೆ. ಸಕ್ಕರೆ ಬೇಡವೇ ಬೇಡ, ಪ್ಯಾಕೆಟ್ ಜ್ಯೂಸ್‌ನಲ್ಲೇ ಜಾಸ್ತಿ ಇರುತ್ತದೆ.

ಕೊನೆಗೆ ಮೇಲೆ ಕಿತ್ತಳೆ ಶರ್ಬೆಟ್ ಉಂಡೆಗಳನ್ನು ತೇಲಿಬಿಡಿ. ಅದರಿಂದ ಏಳುವ ನೊರೆಯೇ ಆ ಕಾಲದ ಗುರುತು. ಶರ್ಬೆಟ್ ಅಂದರೆ ನಮ್ಮ ಶರಬತ್ತಲ್ಲ, ಸ್ವಲ್ಪವೇ ಹಾಲು ಹಾಕಿದ ಹಣ್ಣಿನ ಐಸ್. ಸಿಗದಿದ್ದರೆ ವೆನಿಲಾ ಐಸ್‌ಕ್ರೀಮ್ ನಡೆಯುತ್ತದೆ. ಆದರೆ ನಿಂಬೆಹುಳಿಗೆ ಸ್ವಲ್ಪ ಒಡೆದ ಹಾಗೆ ಕಾಣಬಹುದು. ರುಚಿಗೇನೂ ತೊಂದರೆಯಿಲ್ಲ.

ಅಂದಹಾಗೆ, ‘ಪಂಚ್’ ಎಂಬ ಹೆಸರು ನಮ್ಮ ‘ಪಂಚ’ದಿಂದಲೇ ಬಂತು ಅನ್ನುತ್ತಾರೆ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ: ಒಟ್ಟು ಐದು. ನೀವು ಮೊದಲನೆಯದನ್ನು ಬಿಟ್ಟಿದ್ದೀರಿ, ಅಷ್ಟೇ.