ಗಂಗೋತ್ರಿಯ ಹಿಮನದಿಯ ಚಿತ್ರ ತೆಗೆಯಲು ನಾಲ್ಕು ದಿನ ಸಾಕೇ?

ನಿಮ್ಮ ಪ್ರಶ್ನೆ ಇಷ್ಟು: ನೀವು ಕುಂಬಳೆಯವರು, ಹಿಮವನ್ನು ಕಣ್ಣಾರೆ ಕಂಡಿಲ್ಲ, ಬೆನ್ನಿಗೆ ಚೀಲ ಏರಿಸಿಕೊಂಡು ಹಿಮನದಿ ಇರುವ ಯಾವುದಾದರೂ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಚಿತ್ರ ತೆಗೆಯಬೇಕು. ರೈಲಿನ ದಿನ ಬಿಟ್ಟು ನಾಲ್ಕು ದಿನ ರಜೆ ಇದೆ. ಯಾವ ಲೆನ್ಸ್ ಕೊಳ್ಳಲಿ?

ಲೆನ್ಸಿನ ಮಾತು ಆಮೇಲೆ. ನಾಲ್ಕು ದಿನದಲ್ಲಿ ಹೋಗಿ ಬರಬಹುದು, ಚಿತ್ರ ಮಾತ್ರ ಸಿಗುವುದಿಲ್ಲ. ನಾನು ಪೆರ್ಲದ ಹತ್ತಿರದ ಅಡಿಕೆ ಕೃಷಿಕ. ಗಂಗೋತ್ರಿ ರಾಷ್ಟ್ರೀಯ ಉದ್ಯಾನಕ್ಕೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಂದು ತಂಡದ ಜೊತೆ, ಅವರು ಹಾಕಿಕೊಟ್ಟ ನಾಲ್ಕು ದಿನದ ಲೆಕ್ಕದಲ್ಲಿ ಓಡಿದೆ. ಒಂಬೈನೂರು ಚಿತ್ರ ಹೊತ್ತು ತಂದೆ. ಮನೆಯವರ ಮುಂದೆ ಇಡುವಂಥದ್ದು ಅದರಲ್ಲಿ ನಾಲ್ಕೂ ಇರಲಿಲ್ಲ. ಎರಡನೆಯ ಸಲ ಒಬ್ಬ ಗೆಳೆಯ, ಒಬ್ಬ ಸ್ಥಳೀಯ ಮಾರ್ಗದರ್ಶಿ, ಎಂಟು ದಿನ. ತಂದದ್ದು ಇನ್ನೂರು ಚಿತ್ರ. ಅದರಲ್ಲಿ ಹನ್ನೊಂದು ಗೋಡೆಯ ಮೇಲಿವೆ.

ಹೋಗಲು ಹಿಮನದಿಗಳು ಬೇಕಾದಷ್ಟಿವೆ. ಆದರೂ ಮೊದಲ ಸಲಕ್ಕೆ ನಾನು ಗಂಗೋತ್ರಿಯನ್ನೇ ಹೇಳುವುದಕ್ಕೆ ಕಾರಣ, ಅಲ್ಲಿನ ದಾರಿ ಸರಳ. ಗಂಗೋತ್ರಿಯವರೆಗೆ ಬಸ್ಸು ಹೋಗುತ್ತದೆ. ಅಲ್ಲಿಂದ ಭಾಗೀರಥಿಯ ಪಕ್ಕದಲ್ಲೇ ನಡೆದರೆ 9 ಕಿಲೋಮೀಟರಿಗೆ ಚೀಡ್‌ಬಾಸಾ, 14ಕ್ಕೆ ಭೋಜಬಾಸಾ, 18ಕ್ಕೆ ಗೋಮುಖ, ಅಂದರೆ ಹಿಮನದಿಯ ಬಾಯಿ. ದಾರಿ ತಪ್ಪುವ ಭಯವಿಲ್ಲ, ನದಿಯೇ ಗುರುತು. ಗೋಮುಖದ ಹಿಂದೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ಹಿಮನದಿ ಮಲಗಿದೆ.

ಇನ್ನು ನಾಲ್ಕು ದಿನ ಏಕೆ ಸಾಲದು ಎಂಬುದು. ನಾವು ಸಮುದ್ರಮಟ್ಟದಲ್ಲಿ ಹುಟ್ಟಿ ಬೆಳೆದವರು. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಯಲ್ಲಿ ಇಳಿದು, ಹೃಷೀಕೇಶದ ಮೇಲಿಂದ ಉತ್ತರಕಾಶಿ ಸೇರಿದಾಗ ಎತ್ತರ 1,150 ಮೀಟರ್ ಚಿಲ್ಲರೆ. ಅಲ್ಲಿಂದ ನೂರು ಕಿಲೋಮೀಟರ್ ಬಸ್ಸಿನಲ್ಲಿ ಕುಳಿತರೆ ಅದೇ ದಿನ ಗಂಗೋತ್ರಿ, 3,100 ಮೀಟರ್. ಮರುದಿನ ಭೋಜಬಾಸಾ, ಸುಮಾರು 3,800. ಕಾಲು ಕೇಳುತ್ತದೆ, ತಲೆ ಕೇಳುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸೂತ್ರ. ಮೊದಲ ಸಲ ನಾನು ಅದನ್ನು ಮುರಿದೆ. ಭೋಜಬಾಸಾದಲ್ಲಿ ಸಂಜೆ ಭಾಗೀರಥಿ ಶಿಖರಗಳ ಮೇಲೆ ಚಿನ್ನದ ಬಣ್ಣ ಇಳಿಯುತ್ತಿದ್ದಾಗ ನಾನು ಗುಡಾರದೊಳಗೆ ತಲೆಗೆ ಮಫ್ಲರ್ ಬಿಗಿದು, ವಾಂತಿ ಬಂದರೆ ಎತ್ತ ಹೊರಳುವುದೆಂದು ಯೋಚಿಸುತ್ತ ಮಲಗಿದ್ದೆ. ಹೊರಗಿನಿಂದ ಇತರರ ಶಟರಿನ ಸದ್ದು ಕೇಳುತ್ತಿತ್ತು. ಅದು ತಲೆನೋವಿಗಿಂತ ಹೆಚ್ಚು ನೋಯಿಸಿತು.

ಎರಡನೆಯ ಸಲ ಗಂಗೋತ್ರಿಗೆ ಮೊದಲೇ ಸಿಗುವ ಹರ್ಸಿಲ್‌ನಲ್ಲಿ ಒಂದು ರಾತ್ರಿ, ಗಂಗೋತ್ರಿಯಲ್ಲಿ ಎರಡು, ಭೋಜಬಾಸಾದಲ್ಲಿ ಮತ್ತೆ ಎರಡು ರಾತ್ರಿ ಕಳೆದೇ ಮೇಲಕ್ಕೆ ಹೋದದ್ದು. ಎತ್ತರದ ಕಾಯಿಲೆ ತಡೆಯಲು ನುಂಗುವ ಡಯಾಮಾಕ್ಸ್ ಮಾತ್ರೆಯ ವಿಷಯವನ್ನು ಹೊರಡುವ ಮೊದಲೇ ನಿಮ್ಮ ಡಾಕ್ಟರರಲ್ಲಿ ಕೇಳಿ, ಚಾರಣದ ಜೊತೆಗಾರರಲ್ಲಿ ಅಲ್ಲ. ತಲೆನೋವು ಹೆಚ್ಚಿದರೆ ಅಥವಾ ನಡಿಗೆ ತೂರಾಡಿದರೆ ಚಿತ್ರವನ್ನು ಮರೆತು ಕೆಳಗಿಳಿಯಿರಿ.

ಗಂಗೋತ್ರಿಯಲ್ಲಿ ಎರಡು ದಿನ ಏನು ಮಾಡುವುದೆಂಬ ಚಿಂತೆ ಬೇಡ. ಸ್ವಾಮಿ ಸುಂದರಾನಂದರು ಬಾಳಿದ ಊರು ಅದು. ಆಂಧ್ರದಿಂದ ಬಂದ ಸಂನ್ಯಾಸಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕ್ಯಾಮೆರಾ ಹಿಡಿದು ಹಿಮಾಲಯದ ಒಂದು ಲಕ್ಷಕ್ಕೂ ಮಿಕ್ಕಿ ಚಿತ್ರ ತೆಗೆದವರು, 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಚಿತ್ರಶಾಲೆ ಅಲ್ಲೇ ಇದೆ. ಹಿಮನದಿ ಹಿಂದೆ ಸರಿದದ್ದನ್ನು ಜಗತ್ತಿಗೆ ಕಣ್ಣಿಗೆ ಕಾಣುವಂತೆ ತೋರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಅವರ ಬಲ ಕ್ಯಾಮೆರಾದಲ್ಲಿ ಇರಲಿಲ್ಲ. ಅದೇ ಕಣಿವೆಗೆ ವರ್ಷವರ್ಷವೂ ಮತ್ತೆ ಮತ್ತೆ ಹೋದದ್ದರಲ್ಲಿತ್ತು. ನಾವು ಅಷ್ಟು ವರ್ಷ ಕೊಡಲಾರೆವು, ಎಂಟು ದಿನವಾದರೂ ಕೊಡೋಣ.

ಕಾಲ: ಏಪ್ರಿಲ್‌ನಿಂದ ಉದ್ಯಾನ ತೆರೆದಿರುತ್ತದೆ, ಚಳಿಗಾಲದಲ್ಲಿ ಮುಚ್ಚುತ್ತದೆ. ಜುಲೈ, ಆಗಸ್ಟ್ ಬೇಡವೇ ಬೇಡ. 2025ರ ಆಗಸ್ಟ್ 5ರಂದು ಇದೇ ದಾರಿಯ ಧರಾಲಿ ಗ್ರಾಮದ ಮೇಲೆ ಹಳ್ಳ ಉಕ್ಕಿ ಬಂದದ್ದು ನಿಮಗೆ ನೆನಪಿರಬಹುದು. ನಮ್ಮಂಥ ತೋಟದವರಿಗೆ ಸೆಪ್ಟೆಂಬರ್ ಕೊನೆಯೇ ಸರಿ. ಮದ್ದು ಬಿಡುವ ಕೆಲಸ ಮುಗಿದಿರುತ್ತದೆ, ಕೊಯ್ಲು ಜೋರಾಗಿರುವುದಿಲ್ಲ. ಅಲ್ಲಿ ಮಳೆ ನಿಂತು ಆಕಾಶ ತೊಳೆದಿಟ್ಟಂತಿರುತ್ತದೆ, ಭೂರ್ಜ ಮರಗಳ ಎಲೆ ಹಳದಿಯಾಗುತ್ತಿರುತ್ತದೆ. ಭೋಜಬಾಸಾ ಎಂದರೆ ಆ ಭೂರ್ಜಗಳ ನೆಲೆ. ಸೌದೆಗಾಗಿ ಕಡಿದು ಕಡಿದು ಬೋಳಾಗಿದ್ದ ಆ ಜಾಗದಲ್ಲಿ ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಸಸಿ ನೆಟ್ಟು ಬೆಳೆಸಿದರು. ಬೇಲಿಯೊಳಗಿನ ಆ ಗಿಡಗಳನ್ನು ಕಂಡಾಗ ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರು ಹೊತ್ತವರಿಗೆ ಏನನ್ನಿಸುತ್ತದೆಯೋ ಅದು ನನಗೂ ಅನ್ನಿಸಿತು.

ಅನುಮತಿಯನ್ನು ಮುಂಚಿತವಾಗಿ ಮಾಡಿಸಿಕೊಳ್ಳಿ. ದಿನಕ್ಕೆ 150 ಜನರಿಗಷ್ಟೇ ಗೋಮುಖದ ದಾರಿಗೆ ಬಿಡುತ್ತಾರೆ. ಅದರಾಚೆ ತಪೋವನವೆಂಬ ಹುಲ್ಲುಗಾವಲಿಗೆ ಬೇರೆ ಅನುಮತಿ ಬೇಕು, ಮಾರ್ಗದರ್ಶಿಯೂ ಬೇಕು. ನನ್ನ ಆಧಾರ್ ಚೀಟಿಯಲ್ಲಿ ಕೇರಳ, ಗೆಳೆಯನ ಜೊತೆಗಿನ ಮಾತು ಕನ್ನಡ, ಫೋನಿನಲ್ಲಿ ಹೆಂಡತಿಯೊಂದಿಗೆ ತುಳು. ಗಮನಿಸಿದ ಗುಮಾಸ್ತರೊಬ್ಬರು ನೀವು ನಿಜವಾಗಿ ಎಲ್ಲಿಯವರೆಂದು ಕೇಳಿದರು. ಕಾಸರಗೋಡಿನ ಕಥೆ ಹೇಳಲು ನನ್ನ ಹಿಂದಿ ಸಾಲಲಿಲ್ಲ. ಮುಂದೆ ಕನಖೂ ತಪಾಸಣೆ ಕಟ್ಟೆಯಲ್ಲಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಲೆಕ್ಕ ಬರೆದುಕೊಂಡರು. ಹಿಂದೆ ಬರುವಾಗ ಅಷ್ಟನ್ನೂ ತೋರಿಸಬೇಕು. ಡ್ರೋನನ್ನು ಮನೆಯಲ್ಲೇ ಬಿಡಿ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಚೀಲ 12 ಕಿಲೋ ಮೀರದಿರಲಿ, ಕ್ಯಾಮೆರಾ ಸೇರಿ. ಅಭ್ಯಾಸಕ್ಕೆ ನಮ್ಮ ಪೊಸಡಿ ಗುಂಪೆ ಗುಡ್ಡೆಯೇ ಸಾಕು. ಅದು ಸಾವಿರ ಅಡಿಗಿಂತ ತುಸು ಎತ್ತರ, ಅಷ್ಟೆ. ಹಿಮಾಲಯದ ಗಾಳಿಗೆ ಅದು ನಿಮ್ಮನ್ನು ಸಿದ್ಧಗೊಳಿಸದು, ಆದರೆ ಹೆಗಲು ಮತ್ತು ಮೊಣಕಾಲು ಎಲ್ಲಿ ದೂರು ಹೇಳುತ್ತವೆಂದು ತಿಳಿಸುತ್ತದೆ. ನಾನು ಚೀಲಕ್ಕೆ ಸುಲಿದ ತೆಂಗಿನಕಾಯಿ ಇಪ್ಪತ್ತು ತುಂಬಿಸಿ ವಾರಕ್ಕೆರಡು ಸಲ ಹತ್ತುತ್ತಿದ್ದೆ. ಹುಲ್ಲು ಹೊತ್ತು ಇಳಿಯುತ್ತಿದ್ದ ಅಕ್ಕ ಒಬ್ಬರು ಚೀಲ ಇಣುಕಿ ನೋಡಿ, "ಅಣ್ಣಾ, ಗುಡ್ಡೆಯ ಮೇಲೆ ಕಾಯಿ ಕೊಳ್ಳುವವರು ಯಾರಿದ್ದಾರೆ?" ಎಂದರು. ತಿನ್ನಲು ಅವಲಕ್ಕಿ, ಬೆಲ್ಲ, ಮಾಂಬಳ (ಒಣಗಿಸಿದ ಮಾವಿನ ರಸ) ಒಯ್ಯಿರಿ. ಪೇಟೆಯ ಚಾಕಲೇಟಿಗಿಂತ ಅದೇ ಮೇಲು ಎಂಬುದು ನನ್ನ ಹಟ. ಕುಚ್ಚಿಲಕ್ಕಿ ಗಂಜಿಯ ಆಸೆ ಬಿಡಿ. 3,800 ಮೀಟರಿನಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತದೆ. ಗೆಳೆಯ ಹಟ ಹಿಡಿದು ಬೇಯಿಸಿದ ಗಂಜಿಯಲ್ಲಿ ಕಾಳು ಹಲ್ಲಿಗೆ ಕಟಕಟ ಸಿಗುತ್ತಿತ್ತು, ಗ್ಯಾಸ್ ಡಬ್ಬಿ ಅರ್ಧ ಖಾಲಿಯಾಗಿತ್ತು.

ಈಗ ಲೆನ್ಸ್. ಈಗಿರುವ ಕ್ಯಾಮೆರಾ ಸಾಕು. 24ರಿಂದ 105 ಮಿಲಿಮೀಟರ್ ಸುಮಾರಿನ ಒಂದು ಜೂಮ್, ಪ್ರಾಣಿಗಳಿಗೆ 300ರವರೆಗಿನ ಹಗುರವಾದ ಇನ್ನೊಂದು, ಪುಟ್ಟ ಟ್ರೈಪಾಡ್. ಕೊಳ್ಳುವ ಹಣ ಇದ್ದರೆ ಇನ್ನೆರಡು ಬ್ಯಾಟರಿ ಕೊಳ್ಳಿ. ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ರಾತ್ರಿ ಅವನ್ನು ಕಾಲುಚೀಲದೊಳಗೆ ಹಾಕಿ ಮಲಗುಚೀಲದಲ್ಲಿ ಹೊಟ್ಟೆಯ ಬಳಿ ಇಟ್ಟುಕೊಳ್ಳಿ. ನಮ್ಮ ಕರಾವಳಿಯವರಿಗೆ ಲೆನ್ಸ್ ಎಂದರೆ ಮಳೆಗಾಲದ ಬೂಷ್ಟಿನ ಭಯ. ಅಲ್ಲಿ ಭಯ ಬೇರೆ: ಹೊರಗೆ ತಣ್ಣಗಾದ ಕ್ಯಾಮೆರಾವನ್ನು ಹಬೆಯಾಡುವ ಅಡುಗೆ ಗುಡಾರಕ್ಕೆ ತಂದರೆ ಗಾಜಿನ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ. ಒಳಗೆ ತರುವ ಮೊದಲೇ ಗಾಳಿಯಾಡದ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ, ನೀರು ಚೀಲದ ಹೊರಗೆ ಕೂರಲಿ.

ನನ್ನ ಮೊದಲ ಒಂಬೈನೂರು ಚಿತ್ರಗಳಲ್ಲಿ ಹಿಮವೆಲ್ಲ ಬೂದಿಯ ಬಣ್ಣ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿಗಿರುವುದೆಲ್ಲ ನಡುಬಣ್ಣದ್ದೆಂದು ನಂಬಿ ಲೆಕ್ಕ ಹಾಕುತ್ತದೆ; ಬಿಳಿ ಹಿಮ ಕಂಡರೆ ಬೆಳಕು ಹೆಚ್ಚಾಯಿತೆಂದು ಕತ್ತಲು ಮಾಡುತ್ತದೆ. ಎಕ್ಸ್‌ಪೋಶರನ್ನು ಒಂದರಿಂದ ಎರಡು ಸ್ಟಾಪ್ ಮೇಲಕ್ಕೆ ಇಡಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲಿನಲ್ಲಿ ತೆಗೆಯಬೇಕು. ಇನ್ನೊಂದು ಗುಟ್ಟು ದಿಕ್ಕಿನದು. ಭೋಜಬಾಸಾದಿಂದ ನೋಡುವಾಗ ಭಾಗೀರಥಿ ಶಿಖರಗಳ ಬೆನ್ನಿನ ಕಡೆಯಿಂದ ಸೂರ್ಯ ಬರುತ್ತಾನೆ. ಬೆಳಿಗ್ಗೆ ಅವು ಕಪ್ಪು ನೆರಳು, ಸಂಜೆಗೆ ಅವುಗಳ ಸರದಿ. ತಪೋವನದಿಂದ ಶಿವಲಿಂಗ ಶಿಖರಕ್ಕೆ ಇದು ತಿರುಗುಮುರುಗು: 6,543 ಮೀಟರಿನ ಅದರ ತುದಿಗೆ ಮುಂಜಾವಿನ ಮೊದಲ ಕಿಡಿ ತಗಲುತ್ತದೆ. ನಾಲ್ಕು ದಿನದವರಿಗೆ ಇವೆರಡರಲ್ಲಿ ಯಾವುದೂ ಸಿಗದೆ ಮಧ್ಯಾಹ್ನದ ಚಪ್ಪಟೆ ಬಿಸಿಲಷ್ಟೇ ಸಿಗುತ್ತದೆ.

ಪ್ರಾಣಿಗಳೂ ಹಾಗೆಯೇ. ಭರಲ್ ಎಂಬ ನೀಲಿ ಕುರಿಗಳು ಮೊದಲ ದಿನ ಬಂಡೆಯ ಬಣ್ಣದಲ್ಲಿ ಬೆರೆತು ಕಾಣಲೇ ಇಲ್ಲ, ಮೇಲಿನಿಂದ ಅವು ಉರುಳಿಸಿದ ಕಲ್ಲುಗಳ ಸದ್ದು ಮಾತ್ರ. (ಚೀಡ್‌ಬಾಸಾ ದಾಟಿದ ಮೇಲೆ ಕಲ್ಲು ಬೀಳುವ ಜಾಗವಿದೆ, ಅಲ್ಲಿ ಚಿತ್ರಕ್ಕೆಂದು ನಿಲ್ಲಬೇಡಿ.) ಎರಡನೆಯ ದಿನ ದೂರದ ಇಳಿಜಾರಿನಲ್ಲಿ ಚುಕ್ಕಿಗಳು. ಮೂರನೆಯ ಮುಂಜಾನೆ ಗುಡಾರದ ಒಳಬದಿಗೆ ನಮ್ಮದೇ ಉಸಿರು ಹೆಪ್ಪುಗಟ್ಟಿತ್ತು. ಜಿಪ್ ಎಳೆದಾಗ ಆ ಹುಡಿ ಕುತ್ತಿಗೆಯೊಳಗೆ ಬಿತ್ತು. ಬೈಯಲು ಬಾಯಿ ತೆರೆದವನು ಹಾಗೇ ನಿಂತೆ. ನಲವತ್ತು ಅಡಿ ದೂರದಲ್ಲಿ ಏಳು ಭರಲ್‌ಗಳು ಮೇಯುತ್ತಿದ್ದವು. ಒಣಹುಲ್ಲು ಕೀಳುವ ಕರಕ್ ಕರಕ್ ಸದ್ದು ಕೇಳುತ್ತಿತ್ತು. ಗಂಡೊಂದು ತಲೆ ಎತ್ತಿ ನನ್ನನ್ನು ನೋಡಿ, ಮೂಗಿನಿಂದ ಬಿಳಿ ಉಸಿರು ಬಿಟ್ಟು, ಮತ್ತೆ ಮೇಯಲು ತೊಡಗಿತು. ಮೂರು ದಿನದಲ್ಲಿ ನಾವು ಅವುಗಳ ಪಾಲಿಗೆ ಬಂಡೆಗಳಾಗಿದ್ದೆವೋ ಏನೋ.

ತಪೋವನಕ್ಕೆ ಹೋಗಲು ಭೋಜಬಾಸಾದಲ್ಲಿ ಭಾಗೀರಥಿಯನ್ನು ತಂತಿಗೆ ನೇತುಬಿದ್ದ ತೊಟ್ಟಿಲಲ್ಲಿ ಕುಳಿತು, ಹಗ್ಗ ಎಳೆಯುತ್ತ ದಾಟಿದೆವು. ಅಡಿಕೆ ಮರದ ಸಂಕದಲ್ಲಿ ತೋಡು ದಾಟಿ ಶಾಲೆಗೆ ಹೋದವರಿಗೂ ಅಲ್ಲಿ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ತಪೋವನ ಇರುವುದು ಸುಮಾರು 4,450 ಮೀಟರಿನಲ್ಲಿ. ಮೈ ಒಗ್ಗಿದ್ದರೆ ಮಾತ್ರ ಹೋಗಿ, ಹೋಗದಿದ್ದರೂ ನಷ್ಟವಿಲ್ಲ.

ಗೋಮುಖದ ಬಗ್ಗೆ ಒಂದು ಎಚ್ಚರಿಕೆ. ಬೆಳ್ಳಗೆ ಹೊಳೆಯುವ ಮಂಜುಗಡ್ಡೆಯನ್ನು ನಿರೀಕ್ಷಿಸಿದರೆ ನಿರಾಶೆಯಾದೀತು. ಹಿಮನದಿಯ ಮೈತುಂಬ ಕಲ್ಲು, ಮಣ್ಣು, ಹುಡಿ. ದೂರದಿಂದ ಅದು ಬಿಟ್ಟುಹೋದ ಕೆಂಪುಕಲ್ಲಿನ ಕೋರೆಯ ಹಾಗೆ ಕಂಡಿತು, ಬಣ್ಣವೊಂದು ಬೇರೆ. ಮೊದಲ ಸಲ ನಾನು ಇಷ್ಟೇನಾ ಎಂದು ಹತ್ತು ನಿಮಿಷದಲ್ಲಿ ತಿರುಗಿದೆ. ಎರಡನೆಯ ಸಲ ಅರ್ಧ ದಿನ ಎದುರಿಗೆ ಕುಳಿತೆ. ಬಿಸಿಲು ಸರಿದಂತೆ ಮುಖದ ಬಿರುಕುಗಳಲ್ಲಿ ನೀಲಿ ಮೂಡಿತು. ಆಗೊಮ್ಮೆ ಈಗೊಮ್ಮೆ ಮನೆಯಷ್ಟು ದೊಡ್ಡ ಗಡ್ಡೆ ಕಳಚಿ ನೀರಿಗೆ ಬೀಳುತ್ತಿತ್ತು. ಆದ್ದರಿಂದ ಹತ್ತಿರ ಹೋಗಬೇಡಿ, ಉದ್ದ ಲೆನ್ಸ್ ಇರುವುದೇ ಅದಕ್ಕೆ. ಬಾಯಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ನೀರಿಗೆಂದು ಗುಡ್ಡೆಗೆ ಅಡ್ಡಲಾಗಿ ತೋಡಿದ ನಮ್ಮ ತೋಟದ ಸುರಂಗದ ಬಾಯಲ್ಲಿ ಏಪ್ರಿಲಿನ ಬೇಗೆಯಲ್ಲಿ ನಿಂತಾಗ ಬರುವಂಥದ್ದೇ ಗಾಳಿ. ಗುಡ್ಡೆಯ ಹೊಟ್ಟೆಯಿಂದ ನೀರು ಹೊರಡುವುದನ್ನು ದಿನವೂ ಕಾಣುವವನಿಗೆ ಇದನ್ನು ಗುರುತಿಸಲು ಎರಡು ಪ್ರಯಾಣ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಊರಿಗೆ ಬಂದು ಆ ಚಿತ್ರವನ್ನು ಅಪ್ಪನಿಗೆ ತೋರಿಸಿದೆ. ಹರೆಯದಲ್ಲಿ ಸ್ವತಃ ಹಾರೆ ಹಿಡಿದು ಸುರಂಗ ತೋಡಿದವರು ಅವರು. "ಎಷ್ಟು ಕೋಲು ಉದ್ದ?" ಎಂದು ಕೇಳಿದರು. (ಕೋಲೆಂದರೆ ಮುಕ್ಕಾಲು ಮೀಟರಿಗೆ ತುಸು ಕಡಿಮೆ.) ಲೆಕ್ಕ ಹಾಕಿದೆ. ನಲವತ್ತು ಸಾವಿರ ಕೋಲು ದಾಟುತ್ತದೆ ಎಂದೆ. ದಾರಿಯಲ್ಲಿ, ಗೋಮುಖ ಇಂಥ ವರ್ಷ ಇಲ್ಲಿತ್ತು ಎಂಬ ಗುರುತುಗಳಿವೆ ಎಂದೂ ಹೇಳಿದೆ. ಕನ್ನಡಕ ಏರಿಸಿ ಚಿತ್ರವನ್ನು ಮತ್ತೆ ನೋಡಿದರು. "ಬಾಯಿ ಒಳಗೆ ಸರಿಯುತ್ತಿದೆ ಎಂದರೆ ಗುಡ್ಡೆಯಲ್ಲಿ ನೀರು ಮುಗಿಯುತ್ತಿದೆ" ಎಂದು ಅದನ್ನು ನನಗೆ ಮರಳಿಸಿದರು.

ರಜೆಯನ್ನು ನಾಲ್ಕರಿಂದ ಎಂಟು ದಿನಕ್ಕಾದರೂ ಏರಿಸಲು ಸಾಧ್ಯವೇ ನೋಡಿ, ರೈಲಿನ ದಿನಗಳನ್ನು ಬಿಟ್ಟು. ಆಗದಿದ್ದರೆ ಈ ವರ್ಷ ಬೇಡ, ಮುಂದಿನ ವರ್ಷ ಹೋಗಿ. ಅಷ್ಟರೊಳಗೆ ಪೊಸಡಿ ಗುಂಪೆ ಹತ್ತುವ ದಿನ ತಿಳಿಸಿದರೆ ನಾನೂ ಬರುತ್ತೇನೆ. ತೆಂಗಿನಕಾಯಿ ನನ್ನ ಲೆಕ್ಕ.