ಸೋಲಾರ್ ಇಷ್ಟು ಅಗ್ಗವಾದರೂ ಮನೆಯ ಕರೆಂಟ್ ಬಿಲ್ ಯಾಕೆ ಇಳಿಯುತ್ತಿಲ್ಲ?

ಸೋಲಾರ್ ಕರೆಂಟ್ ಯೂನಿಟ್‌ಗೆ 3 ರೂಪಾಯಿಗೇ ಸಿಗುತ್ತದಂತೆ, ಹಾಗಿದ್ದರೆ ಕರ್ನಾಟಕದಲ್ಲಿ ಮನೆಗಳಿಗೆ ಯಾಕೆ ಅದರ ಎರಡರಷ್ಟು ರೇಟು ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ನನಗೂ ಬಂದಿತ್ತು. ನಮ್ಮ ಮನೆಯ ಬಿಲ್ ಮುಂದಿಟ್ಟುಕೊಂಡು ಒಂದೊಂದೇ ಸಾಲು ಓದಿದ ಮೇಲೆ ವಿಷಯ ತಿಳಿಯಿತು.

ಪಾವಗಡವನ್ನೇ ನೋಡಿ. ಅಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. 2016ರ ಹರಾಜಿನಲ್ಲಿ ಅಲ್ಲಿನ ಕರೆಂಟಿಗೆ ಯೂನಿಟ್‌ಗೆ ಸುಮಾರು 4.80 ರೂಪಾಯಿ. ಎರಡೇ ವರ್ಷದಲ್ಲಿ ಅದು 3 ರೂಪಾಯಿ ಆಸುಪಾಸಿಗೆ ಇಳಿಯಿತು. ಅದೇ ಬಯಲು, ಅದೇ ಬಿಸಿಲು. ಆದರೆ ಇಂಥ ಒಪ್ಪಂದಗಳು 25 ವರ್ಷದವು, ಮೊದಲು ಸಹಿ ಮಾಡಿದ ರೇಟು ಕೊನೆವರೆಗೂ ಕೊಡಬೇಕು. ಅದಕ್ಕೂ ಹಿಂದೆ, 2013ರಲ್ಲಿ, ಸಬ್ಸಿಡಿ ಪಡೆಯದ ಚಾವಣಿ ಸೋಲಾರ್‌ಗೆ ಕೆಇಆರ್‌ಸಿ (ರಾಜ್ಯದ ಕರೆಂಟ್ ದರ ನಿಗದಿ ಮಾಡುವ ಆಯೋಗ) ನಿಗದಿ ಮಾಡಿದ್ದು ಯೂನಿಟ್‌ಗೆ 9.56 ರೂಪಾಯಿ! ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆಗ ಪ್ಯಾನೆಲ್ ದುಬಾರಿ, ಅಷ್ಟು ಕೊಡದಿದ್ದರೆ ಯಾರೂ ಮುಂದೆ ಬರುತ್ತಿರಲಿಲ್ಲ. ಆದರೆ ಆ ಹಣವೂ ನಮ್ಮೆಲ್ಲರ ಬಿಲ್‌ನಿಂದಲೇ ಹೋಗಬೇಕಲ್ವಾ?

ಇದಕ್ಕಿಂತ ದೊಡ್ಡ ಕಾರಣ ಹೊತ್ತು. ಸೋಲಾರ್ ಜಾಸ್ತಿ ಬರುವುದು ಮಧ್ಯಾಹ್ನ. ನಾವು ಲೈಟು, ಟಿವಿ, ಮಿಕ್ಸಿ ಹಾಕುವುದು ಸಂಜೆ. ಗೀಸರ್ ಹಾಕುವುದು ಬೆಳಗಿನ ಜಾವ. ಆ ಹೊತ್ತಿಗೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಬೇಕು, ಶರಾವತಿಯ ನೀರು ಬೇಕು. ಹಗಲು ಕಲ್ಲಿದ್ದಲು ಘಟಕ ನಿಲ್ಲಿಸಿದರೂ ಅದಕ್ಕೆ ಕೊಡಬೇಕಾದ ನಿಗದಿತ ವೆಚ್ಚ ನಿಲ್ಲುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ. ಹೊರಗಿನಿಂದ ಕರೆಂಟ್ ಕೊಳ್ಳಬೇಕಾಯಿತು. ಅಗ್ಗದ ಬಿಸಿಲನ್ನು ಸಂಜೆಗೆ ಕೂಡಿಡುವ ವ್ಯವಸ್ಥೆ ದೊಡ್ಡ ಮಟ್ಟದಲ್ಲಿ ಬರುವವರೆಗೂ ಸೋಲಾರ್ ಖರ್ಚು, ಕಲ್ಲಿದ್ದಲಿನ ಖರ್ಚು ಎರಡೂ ಜೊತೆಗೇ ಇರುತ್ತವೆ.

ಇನ್ನು ನಿಮ್ಮ ಬಿಲ್‌ನಲ್ಲಿ ನಿಗದಿತ ಶುಲ್ಕದ ಸಾಲು ನೋಡಿ. 2025ರ ಏಪ್ರಿಲ್‌ನಲ್ಲಿ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ಅದೇ ದಿನ ನಿಗದಿತ ಶುಲ್ಕ ಕಿಲೋವಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ನಮ್ಮ ಮನೆಗೆ ಮಂಜೂರಾದ ಲೋಡ್ 3 ಕಿಲೋವಾಟ್. ಆ ದರದಲ್ಲಿ ಒಂದು ಬಲ್ಬೂ ಹಾಕದಿದ್ದರೂ ತಿಂಗಳಿಗೆ 435 ರೂಪಾಯಿ. ಜೊತೆಗೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿಗೆಂದು 2025-26ರಲ್ಲಿ ಯೂನಿಟ್‌ಗೆ 36 ಪೈಸೆ ಸೇರಿತು. ಈ ಪಿಂಚಣಿಗೂ ಸೋಲಾರ್‌ಗೂ ಸಂಬಂಧವೇ ಇಲ್ಲ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ ಇರುವವರಿಗೆ ಇದೆಲ್ಲ ಕಣ್ಣಿಗೆ ಬೀಳುವುದಿಲ್ಲ, ಅವರ ಪಾಲು ಸರ್ಕಾರದ ಖಜಾನೆಯಿಂದ ಹೋಗುತ್ತದೆ.

ನನಗೆ ಬೇಜಾರಾಗುವುದು ಬಾಡಿಗೆ ಮನೆಯವರ ವಿಷಯದಲ್ಲಿ. ಸ್ವಂತ ತಾರಸಿ ಇದ್ದವರಿಗೆ 3 ಕಿಲೋವಾಟ್ ಹಾಕಿಸಿದರೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ. ಅವರ ಬಿಲ್ ನಿಜವಾಗಿಯೂ ಇಳಿಯುತ್ತದೆ. ಎರಡನೇ ಮಹಡಿಯ ಬಾಡಿಗೆದಾರರು ಪ್ಯಾನೆಲ್ ಎಲ್ಲಿ ಹಾಕಬೇಕು? ನಿಮ್ಮದು ಸ್ವಂತ ಮನೆಯಾಗಿದ್ದು, ತಿಂಗಳಿಗೆ 200 ಯೂನಿಟ್ ದಾಟುತ್ತಿದ್ದರೆ, ಸುಮ್ನೆ ಯೋಚಿಸುತ್ತಾ ಕೂರಬೇಡಿ, ಈಗಲೇ ಅರ್ಜಿ ಹಾಕಿ.