ಹತ್ತು ವರ್ಷಗಳಿಂದ ಒಗ್ಗಿರುವ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆಯ ಪ್ರಮಾಣವನ್ನು ಈಗೇಕೆ ಇಳಿಸಬೇಕು?

ತಂದೆಯವರ ಕ್ರಿಯಾಟಿನಿನ್ (ಮೂತ್ರಪಿಂಡಗಳ ಕೆಲಸ ತಿಳಿಯಲು ರಕ್ತದಲ್ಲಿ ಅಳೆಯುವ ತ್ಯಾಜ್ಯ) ಸಹಜವಾಗಿದೆ, ಹತ್ತು ವರ್ಷಗಳಿಂದ ಇದೇ ಮಾತ್ರೆ ಒಗ್ಗಿದೆ, ಹಾಗಿದ್ದೂ ವೈದ್ಯರು ಡಿಗಾಕ್ಸಿನ್ ಅನ್ನು ಅರ್ಧಕ್ಕಿಳಿಸಿದ್ದೇಕೆ ಎಂದು ಕೇಳಿದ್ದೀರಿ. ಇದೇ ವಾದವನ್ನು ನಾನು ನನ್ನ ತಾಯಿಯ ವಿಷಯದಲ್ಲಿ ಮಾಡಿ, ಹಳೆಯ ಪ್ರಮಾಣವನ್ನೇ ಮುಂದುವರಿಸಿದೆ.

ಅಮ್ಮನಿಗೆ ಆಗ 80 ವರ್ಷ, ತೂಕ 42 ಕಿಲೋ. ಮೊದಲು ಊಟ ಸೇರದಾಯಿತು, ಆಮೇಲೆ ವಾಕರಿಕೆ. ನಾವು ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಗಂಜಿ, ತಿಳಿಸಾರು ಕೊಡುತ್ತಾ ಹೋದೆವು. ಟ್ಯೂಬ್‌ಲೈಟಿನ ಬೆಳಕು ಹಳದಿಯಾಗಿ ಕಾಣುತ್ತದೆ ಎಂದು ಅವರು ಹೇಳಿದಾಗಲೂ ಕಣ್ಣಿನ ಪೊರೆಯಿರಬೇಕೆಂದು ಸುಮ್ಮನಾದೆವು. ಕೊನೆಗೆ ಬಚ್ಚಲಿನಲ್ಲಿ ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ನೋಡಿದಾಗ ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸಿನಲ್ಲಿತ್ತು, ರಕ್ತದಲ್ಲಿ ಡಿಗಾಕ್ಸಿನ್ ಮಿತಿಮೀರಿತ್ತು. ಇಂದಿಗೂ ಅವರು ವಾಕರ್ ಇಲ್ಲದೆ ನಡೆಯಲಾರರು.

ನನ್ನನ್ನು ದಾರಿತಪ್ಪಿಸಿದ್ದು ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ ಎದುರಿಗಿದ್ದ 1.1 ಎಂಬ ಅಂಕಿ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ವಯಸ್ಸಾದಂತೆ ಸ್ನಾಯು ಕರಗಿ ಅದರ ಉತ್ಪತ್ತಿ ಕಡಿಮೆಯಾಗುವುದರಿಂದ, ಮೂತ್ರಪಿಂಡಗಳು ಅದನ್ನು ಹೊರಹಾಕುವ ವೇಗ ಕುಂದಿದ್ದರೂ ರಕ್ತದಲ್ಲಿನ ಅಂಕಿ ಏರದೆ ಉಳಿಯಬಹುದು. ವಯಸ್ಸು, ತೂಕಗಳನ್ನು ಸೇರಿಸಿ ಮೂತ್ರಪಿಂಡಗಳು ರಕ್ತ ಶುದ್ಧಿಮಾಡುವ ವೇಗವನ್ನು ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಲೆಕ್ಕ ಹಾಕಿದರೆ ಅಮ್ಮನಿಗೆ ಸಿಗುವುದು ನಿಮಿಷಕ್ಕೆ ಸುಮಾರು 27 ಮಿಲಿಲೀಟರ್, ಅದೇ 1.1 ಇರುವ, 60 ಕಿಲೋ ತೂಕದ 40 ವರ್ಷದ ಮಹಿಳೆಗೆ ಸುಮಾರು 64. ಡಿಗಾಕ್ಸಿನ್‌ನ ಬಹುಪಾಲು ಮೂತ್ರಪಿಂಡಗಳ ಮೂಲಕವೇ ಹೊರಹೋಗಬೇಕು. ಆರೋಗ್ಯವಂತರಲ್ಲಿ ಅದು ಅರ್ಧಕ್ಕಿಳಿಯಲು 36ರಿಂದ 48 ಗಂಟೆ ಸಾಕು, ಅಮ್ಮನಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕಿತ್ತು. ಹೀಗಾಗಿ ಹಿಂದಿನ ಮಾತ್ರೆಯ ಶೇಷದ ಮೇಲೆ ಮುಂದಿನದು ಬಂದು ಕೂರುತ್ತಿತ್ತು.

ಆದ್ದರಿಂದ ಹತ್ತು ವರ್ಷ ಒಗ್ಗಿದೆ ಎಂಬ ನಿಮ್ಮ ಆಧಾರವನ್ನೇ ನಾನು ಒಪ್ಪುವುದಿಲ್ಲ. ಒಗ್ಗಿದ್ದು ಹತ್ತು ವರ್ಷದ ಹಿಂದಿನ ಮೂತ್ರಪಿಂಡಗಳಿಗೆ. ಬೇರೆ ವೈದ್ಯರನ್ನು ಹುಡುಕಬೇಡಿ, ನಿಮ್ಮ ವೈದ್ಯರು ಸರಿಯಾದುದನ್ನೇ ಮಾಡಿದ್ದಾರೆ. ಹೃದಯದ ಎಲ್ಲ ಮಾತ್ರೆಗಳಿಗೂ ಇದೇ ಲೆಕ್ಕವಲ್ಲ ಎಂಬುದೂ ನಿಜ: ಮೆಟೊಪ್ರೊಲಾಲ್ ಕರಗುವುದು ಯಕೃತ್ತಿನಲ್ಲಿ, ಅಟೆನೊಲಾಲ್ ಹೋಗುವುದು ಮೂತ್ರಪಿಂಡದಿಂದ. ತಂದೆಯವರು ಫ್ಯೂರೋಸೆಮೈಡ್‌ನಂಥ ನೀರಿನ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಪೊಟ್ಯಾಸಿಯಂ ಪರೀಕ್ಷೆಯ ಬಗ್ಗೆ ಕೇಳಿ, ಅದು ಇಳಿದರೆ ಡಿಗಾಕ್ಸಿನ್‌ನ ವಿಷಪರಿಣಾಮ ಹೆಚ್ಚುತ್ತದೆ. ರಕ್ತದಲ್ಲಿ ಡಿಗಾಕ್ಸಿನ್ ಮಟ್ಟವನ್ನು ಏರಿಸಬಲ್ಲ ಕ್ಲಾರಿಥ್ರೊಮೈಸಿನ್, ಅಮಿಯೊಡರೋನ್, ವೆರಪಮಿಲ್ ಇವುಗಳಲ್ಲಿ ಯಾವುದನ್ನು ಬರೆದುಕೊಟ್ಟರೂ ಡಿಗಾಕ್ಸಿನ್ ನಡೆಯುತ್ತಿದೆ ಎಂದು ಹೇಳಿ. ಅವರಿಗೆ ಊಟ ಬೇಡವಾದ ದಿನ ಅಂಟಾಸಿಡ್ ಕೊಡುವ ಮೊದಲು ನಾಡಿ ಎಣಿಸಿ. ಅರವತ್ತಕ್ಕಿಂತ ಕೆಳಗಿದ್ದರೆ ಮುಂದಿನ ಮಾತ್ರೆ ನುಂಗಿಸದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ.